ಲ್ಯಾಟಿನ್ ಕಲಿಯುವವರ ಊಟದ ಖರ್ಚು

ಅನು, ನಿನಗೆ ಕಾಲೇಜಿನ ಫೈನಾನ್ಷಿಯಲ್ ಏಡ್ ಆಫೀಸಿನಲ್ಲಿ ಕೆಲಸ ಸಿಕ್ಕಿತೆಂದು ನಿಮ್ಮಮ್ಮ ಫೋನಿನಲ್ಲಿ ಹೇಳಿದಾಗ ನನಗೆ ನಗು ಬಂತು. ನಮ್ಮ ಮನೆಯಲ್ಲಿ ಅಂಥ ಕೆಲಸಕ್ಕೆ ಹೋಗುತ್ತಿರುವವಳು ನೀನೇ ಮೊದಲನೆಯವಳೆಂದು ಎಲ್ಲರೂ ತಿಳಿದಿದ್ದೀರಿ. ಯಾವ ಕಾಲೇಜಿನಲ್ಲಿ ಓದಿದರೆ ಎಷ್ಟು ಖರ್ಚಾಗುತ್ತದೆ ಎಂದು ನಾನು ಹನ್ನೊಂದು ವರ್ಷ ಪಟ್ಟಿ ಮಾಡಿದ್ದೇನೆ. ಹೋದ ಸಲ ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಕುಳಿತಾಗ ನನ್ನ ಹಳೆಯ ಆಫೀಸಿನ ಮಾತು ಬಂದು ನೀನು, "ಅಜ್ಜಿ, ವಾಟ್ ಡಿಡ್ ಯು ಆ್ಯಕ್ಚುಲಿ ಡೂ ದೇರ್?" ಎಂದು ಕೇಳಿದ್ದೆ. ನಾಲ್ಕು ಜನ ನನ್ನ ಮುಖ ನೋಡುತ್ತಿದ್ದರೆ ನನಗೆ ಮಾತು ಹೊರಡುವುದಿಲ್ಲ. "ಟೈಪಿಂಗ್" ಎಂದಷ್ಟೇ ಹೇಳಿ ಪಲ್ಯ ತರಲು ಎದ್ದು ಹೋದೆ.

ಬರೆಯುವುದಾದರೆ ನನಗೆ ಸಂಕೋಚವಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ನಿನಗೂ ನಿನ್ನ ತಮ್ಮನಿಗೂ ಕನ್ನಡ ಓದಲು ಬಾರದು, ನಿಮ್ಮಮ್ಮ ಓದಿ ಹೇಳಲಿ. ಮಧ್ಯೆ ಅವಳು ತನ್ನದೇನಾದರೂ ಸೇರಿಸಿದರೆ ನಂಬಬೇಡಿ. ನಾನು ಕೆಲಸಕ್ಕೆ ಸೇರಿದಾಗ ಅವಳಿಗೆ ಐದು ವರ್ಷ.

ಅದು ಅರವತ್ತೊಂಬತ್ತನೆಯ ಇಸವಿ. ನಿಮ್ಮ ತಾತ ಮಾರಿಸ್‌ಟೌನಿನ ಒಂದು ಕಂಪನಿಯಲ್ಲಿ ಎಂಜಿನಿಯರ್. ಬೆಳಿಗ್ಗೆ ಅವರು ಹೊರಟ ಮೇಲೆ, ಮಗು ಶಾಲೆಗೆ ಹೋದ ಮೇಲೆ, ನನಗೆ ಮನೆಯಲ್ಲಿ ಮಾತಾಡಲು ಒಂದು ಜೀವವೂ ಇರಲಿಲ್ಲ. ಮಾತಾಡದೆ ಇರುವುದು ನನಗೇನೂ ಕಷ್ಟವಲ್ಲ, ಆದರೆ ಕೈಗೆ ಕೆಲಸವಿಲ್ಲದೆ ಇರುವುದು ಕಷ್ಟವಾಗಿತ್ತು. ಒಂದು ದಿನ ನಿಮ್ಮ ತಾತ ಸ್ಥಳೀಯ ಪತ್ರಿಕೆಯಿಂದ ಒಂದು ಜಾಹೀರಾತು ಕತ್ತರಿಸಿ ತಂದು ಮೇಜಿನ ಮೇಲಿಟ್ಟರು. 'ಅಂಕಿಗಳ ಪಟ್ಟಿ ಕಂಡರೆ ಹೆದರದ ಟೈಪಿಸ್ಟ್ ಬೇಕು' ಎಂದಿತ್ತು.

"ಇದು ನಿನಗೇ ಬರೆದ ಹಾಗಿದೆ ನೋಡೇ" ಎಂದರು.

"ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಅದೂ ಹಳ್ಳೀಲಿ."

"ಆ ಹಳ್ಳೀಲೇ ಅಲ್ವೇ ನಿನಗೆ ಕಾಲು, ಅರೆ, ಮುಕ್ಕಾಲಿನ ಮಗ್ಗಿ ಬಾಯಿಪಾಠ ಮಾಡಿಸಿದ್ದು? ಇಲ್ಲಿಯವರಿಗೆ ಹನ್ನೆರಡರ ಮಗ್ಗಿ ಮುಗಿದರೆ ಮುಂದೆ ಪ್ರಪಂಚವೇ ಇಲ್ಲ. ಹೋಗು."

ಚನ್ನರಾಯಪಟ್ಟಣದ ಹತ್ತಿರದ ನಮ್ಮೂರ ಶಾಲೆಯಲ್ಲಿ ಒಂದೇ ಕೋಣೆ, ಒಬ್ಬರೇ ಮೇಷ್ಟ್ರು. ಮುಂದೆ ಹೈಸ್ಕೂಲಿಗೆ ಮೂರು ಮೈಲಿ ನಡೆದೆ. ಮದುವೆಗೆ ಮೊದಲು ಪಟ್ಟಣದಲ್ಲಿ ಟೈಪಿಂಗ್ ಲೋಯರ್ ಪಾಸು ಮಾಡಿದ್ದೆ. ಅಷ್ಟೇ ನನ್ನ ವಿದ್ಯೆ. ಅದನ್ನು ಇಟ್ಟುಕೊಂಡು ಸೀರೆಯ ಮೇಲೆ ಕೋಟು ಹಾಕಿಕೊಂಡು ಹೋದೆ.

ಔಷಧಿ ಅಂಗಡಿಯೊಂದರ ಮೇಲೆ ಎರಡು ಕೋಣೆ, ಅದೇ ಆಫೀಸು. ನಡೆಸುತ್ತಿದ್ದವರು ಮಿಸ್ ವಿನ್‌ಸ್ಲೋ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಲ್ಯಾಟಿನ್ ಪಾಠ ಹೇಳಿ ನಿವೃತ್ತರಾದವರು, ಬಾಗಿಲಿಗೆ ತಲೆ ತಗಲುವಷ್ಟು ಎತ್ತರ. ಅವರು ನನ್ನ ಓದು ಕೇಳಲಿಲ್ಲ. ಒಂದು ಹಾಳೆ ಕೊಟ್ಟು, "ಇದನ್ನು ಕೂಡಿ. ಕೂಡೋ ಯಂತ್ರ ಅಲ್ಲಿದೆ" ಎಂದರು. ಆ ಯಂತ್ರವನ್ನು ಹೇಗೆ ಒತ್ತಬೇಕೆಂದು ಕೇಳಲು ನನಗೆ ನಾಚಿಕೆ. ಮನಸ್ಸಿನಲ್ಲೇ ಕೂಡಿ ಬರೆದುಕೊಟ್ಟೆ. ಅವರು ಯಂತ್ರದಲ್ಲಿ ಪರೀಕ್ಷಿಸಿದರು. ಯಂತ್ರಕ್ಕೂ ನನಗೂ ನಾಲ್ಕು ಡಾಲರ್ ವ್ಯತ್ಯಾಸ ಬಂತು. ಇನ್ನೊಮ್ಮೆ ಒತ್ತಿದರು. ಈ ಸಲ ಯಂತ್ರ ನನ್ನ ಮಾತಿಗೆ ಬಂತು.

"ಸೋಮವಾರ ಬನ್ನಿ, ಮಿಸೆಸ್ ರಾವ್" ಎಂದರು. (ಇದೆಲ್ಲ ಇಂಗ್ಲಿಷಿನಲ್ಲಿ ನಡೆದ ಮಾತು. ಆದರೆ ನನ್ನ ನೆನಪಿನಲ್ಲಿ ಅವರೆಲ್ಲರೂ ಕನ್ನಡವನ್ನೇ ಆಡುತ್ತಾರೆ.)

ನಮ್ಮ ಕೆಲಸ ಇಷ್ಟು. ಕ್ಲಾಸಿಕ್ಸ್ ಎಂದರೆ ಹಳೆಯ ಗ್ರೀಕ್, ಲ್ಯಾಟಿನ್ ಭಾಷೆಗಳು ಮತ್ತು ಆ ಕಾಲದ ಚರಿತ್ರೆ. ಅದರಲ್ಲಿ ಡಿಗ್ರಿ ಕೊಡುವ ಕಾಲೇಜುಗಳಿಗೆಲ್ಲ ಸೆಪ್ಟೆಂಬರಿನಲ್ಲಿ ಕಾಗದ ಬರೆಯಬೇಕು. ಬಂದ ಉತ್ತರಗಳನ್ನು ಕಾರ್ಡುಗಳಿಗೆ ಇಳಿಸಬೇಕು. ಟ್ಯೂಷನ್, ಕೋಣೆ, ಊಟ, ಪುಸ್ತಕ, ಪ್ರಯಾಣ ಎಲ್ಲ ಸೇರಿ ನಾಲ್ಕು ವರ್ಷಕ್ಕೆ ಎಷ್ಟಾಗುತ್ತದೆಂದು ಹೋಲಿಸಿ, ಫೆಬ್ರವರಿಯಲ್ಲಿ ಒಂದು ಪುಸ್ತಿಕೆ ಮಾಡಿ ಹೈಸ್ಕೂಲುಗಳ ಲ್ಯಾಟಿನ್ ಮೇಷ್ಟ್ರುಗಳಿಗೆ ಕಳಿಸಬೇಕು. ಮೇಷ್ಟ್ರುಗಳು ಅದನ್ನು ಮಕ್ಕಳಿಗೆ, ಅವರ ತಂದೆತಾಯಿಗೆ ತೋರಿಸುತ್ತಿದ್ದರು.

"ಇದನ್ನು ಓದಿ ಮಕ್ಕಳು ಮುಂದೆ ಏನು ಮಾಡ್ತಾರೆ?" ಎಂದು ಮೊದಲ ವಾರದಲ್ಲಿ ಧೈರ್ಯ ಮಾಡಿ ಕೇಳಿದ್ದೆ.

"ನನ್ನ ಹಾಗೆ ಬಡವರಾಗಿ ಸುಖವಾಗಿರ್ತಾರೆ. ಅದಕ್ಕೇ ಓದೋ ಖರ್ಚು ಕಡಿಮೆಯಿರಬೇಕು" ಎಂದರು ಮಿಸ್ ವಿನ್‌ಸ್ಲೋ.

ಕಾಲೇಜುಗಳ ಹೆಸರು ನನ್ನ ನಾಲಿಗೆಗೆ ಹತ್ತುತ್ತಿರಲಿಲ್ಲ. ನಾನೇ ಹೆಸರಿಟ್ಟುಕೊಂಡೆ. ಕಾಗದದ ತಲೆಯ ಮೇಲೆ ಗಂಟೆಯ ಚಿತ್ರವಿದ್ದದ್ದು ಗಂಟೆ ಕಾಲೇಜು. ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಿದ್ದದ್ದು ಅಮ್ಮನವರ ಕಾಲೇಜು. ಪೆನ್ಸಿಲ್ವೇನಿಯಾದ ಒಂದು ಸಣ್ಣ ಊರಿನದು ಬೆಟ್ಟದ ಕಾಲೇಜು. ಕಾರ್ಡುಗಳ ಮೂಲೆಯಲ್ಲಿ ಕನ್ನಡದಲ್ಲಿ ಹಾಗೆಯೇ ಬರೆಯುತ್ತಿದ್ದೆ. ನಾನು ಒಂದು ವಾರ ಜ್ವರದಲ್ಲಿ ಮಲಗಿದಾಗ ಮಿಸ್ ವಿನ್‌ಸ್ಲೋ ಕಾರ್ಡುಗಳನ್ನು ತೆಗೆದು, ಇದು ಯಾವ ಪ್ರಾಚೀನ ಲಿಪಿಯೆಂದು ಕೇಳಲು ನಮ್ಮ ಮನೆಗೆ ಫೋನು ಮಾಡಿದ್ದರು. ಅವರ ಕೋಪದಲ್ಲೂ ಸ್ವಲ್ಪ ಆಸೆಯಿತ್ತು. ಮುಂದೆ ಅ, ಆ, ಇ, ಈ ಕಲಿತರು.

ತಪ್ಪುಗಳನ್ನು ಹೇಳುತ್ತೇನೆ, ಅನು. ಕೆಲಸ ಕಲಿಸುವುದು ಅವೇ. ಮೊದಲ ವರ್ಷವೇ, ವರ್ಷವನ್ನು ನಾಲ್ಕು ಭಾಗ ಮಾಡಿ ಒಂದು ಭಾಗಕ್ಕೆ ಇಷ್ಟು ಎಂದು ಫೀಸು ಹೇಳಿದ್ದ ಕಾಲೇಜಿಗೆ ನಾನು ನಾಲ್ಕರಿಂದ ಗುಣಿಸಿದೆ. ಬೇಸಿಗೆಯ ಭಾಗದಲ್ಲಿ ಯಾರೂ ಓದುವುದಿಲ್ಲ, ಮೂರರಿಂದ ಗುಣಿಸಬೇಕಿತ್ತು. ಅಚ್ಚಾಗುವ ಮೊದಲೇ ಸಿಕ್ಕಿದ್ದರಿಂದ ಬೈಗುಳ ಕಡಿಮೆಯಾಯಿತು.

ಎರಡನೆಯದು ನನ್ನ ತಪ್ಪಲ್ಲ, ಆದರೆ ಅದರಿಂದಲೂ ಕಲಿತೆ. ಅಮ್ಮನವರ ಕಾಲೇಜು ಪಟ್ಟಿಯಲ್ಲಿ ಯಾವಾಗಲೂ ತೀರ ಅಗ್ಗ. ಒಂದು ಬೇಸಿಗೆ ಅಲ್ಲಿಯ ವಿದ್ಯಾರ್ಥಿನಿಯೊಬ್ಬಳು ಮೆಟ್ಟಿಲು ಹತ್ತಿ ಬಂದು ನಮ್ಮ ಪುಸ್ತಿಕೆಯನ್ನು ಮೇಜಿನ ಮೇಲೆ ಹಾಕಿದಳು.

"ಇಲ್ಲಿ ನಾಲ್ಕು ವರ್ಷ ಅಂತ ಬರೆದಿದ್ದೀರಿ. ನನಗೆ ಐದಾಗ್ತಿದೆ" ಎಂದಳು.

ಅಲ್ಲಿ ಗ್ರೀಕ್ ಹೇಳಿಕೊಡುವವರು ಒಬ್ಬರೇ. ಎರಡನೆಯ ವರ್ಷದ ಗ್ರೀಕ್ ಒಂದು ವರ್ಷ ಬಿಟ್ಟು ಒಂದು ವರ್ಷ ಮಾತ್ರ. ತಪ್ಪಿದರೆ ಕಾಯಬೇಕು, ಕಾಯುವ ವರ್ಷಕ್ಕೂ ದುಡ್ಡು ಕಟ್ಟಬೇಕು. ಅಗ್ಗದ ಕಾಲೇಜು ಅವಳಿಗೆ ದುಬಾರಿಯಾಗಿತ್ತು. ಅಂದಿನಿಂದ ನಮ್ಮ ಕಾಗದದಲ್ಲಿ ಯಾವ ಪಾಠ ಯಾವ ವರ್ಷ ಎಂಬ ಪ್ರಶ್ನೆಯೂ ಸೇರಿತು. ನೀನೂ ಯಾರಿಗಾದರೂ ಫೀಸು ಹೇಳುವ ಮುಂಚೆ, ಎಷ್ಟು ವರ್ಷಕ್ಕೆ ಎಂದು ಕೇಳಿಕೋ.

ಇನ್ನು ನಗುವ ಪ್ರಸಂಗಗಳೂ ಇದ್ದವು. ಆಗ ನ್ಯೂಯಾರ್ಕ್ ನಗರದ ಕಾಲೇಜುಗಳಲ್ಲಿ ನಗರದ ಮಕ್ಕಳಿಗೆ ಟ್ಯೂಷನ್ ಇರಲಿಲ್ಲ. ನದಿಯ ಈಚೆ ನ್ಯೂಜೆರ್ಸಿಯಲ್ಲಿರುವ ನಮಗೆ ಆ ಭಾಗ್ಯವಿಲ್ಲ. ಒಬ್ಬ ತಂದೆ, ತನ್ನ ತಂಗಿ ನಗರದೊಳಗಿನ ಫ್ಲೋರಲ್ ಪಾರ್ಕಿನಲ್ಲಿ ಇದ್ದಾಳೆ, ಅವಳ ವಿಳಾಸ ಕೊಟ್ಟರೆ ನಡೆಯುತ್ತದೆಯೇ ಎಂದು ಬರೆದಿದ್ದ. ಏನು ಉತ್ತರ ಬರೆಯಲಿ ಎಂದು ಕೇಳಿದೆ.

"ಅತ್ತೆಯರಿಗೆ ನಮ್ಮ ಪಟ್ಟಿಯಲ್ಲಿ ಜಾಗ ಇಲ್ಲ ಅಂತ ಬರೀರಿ" ಎಂದರು ಮಿಸ್ ವಿನ್‌ಸ್ಲೋ. ಹಾಗೆಯೇ ಬರೆದೆ. ಆತ ಥ್ಯಾಂಕ್ಸ್ ಹೇಳಿ ಇನ್ನೊಂದು ಕಾಗದ ಬರೆದ, ಅಜ್ಜಿಯರಿಗೆ ಇದೆಯೇ ಎಂದು.

ಈಗ ನನ್ನ ದೊಡ್ಡ ತಪ್ಪಿಗೆ ಬರುತ್ತೇನೆ. ಅದಕ್ಕೆ ಮೊದಲು ವಾರಾನ್ನ ಎಂದರೇನೆಂದು ಹೇಳಬೇಕು.

ನಿಮ್ಮ ತಾತ ಹಳ್ಳಿಯಿಂದ ಮೈಸೂರಿಗೆ ಓದಲು ಬಂದಾಗ ಅವರ ಕೈಯಲ್ಲಿ ಊಟಕ್ಕೆ ದುಡ್ಡಿರಲಿಲ್ಲ. ಅಂಥ ಹುಡುಗರಿಗೆ ಊರಿನ ಮನೆಗಳವರು ವಾರಕ್ಕೆ ಒಂದು ದಿನ ಊಟ ಹಾಕುತ್ತಿದ್ದರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಹೀಗೆ ಏಳು ಮನೆ ಗೊತ್ತು ಮಾಡಿಕೊಂಡರೆ ವಾರ ಕಳೆಯುತ್ತಿತ್ತು. ಅದೇ ವಾರಾನ್ನ. ನಿಮ್ಮ ತಾತ ನಾಲ್ಕು ವರ್ಷ ಹಾಗೆ ಉಂಡು ಓದಿದವರು. ಎಷ್ಟೋ ಜನ ಹಾಗೆ ಓದಿದ್ದರಿಂದ ನಮಗೆ ಅದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ತಪ್ಪಾದದ್ದು ಅಲ್ಲೇ.

ಎಪ್ಪತ್ತಮೂರರ ಜನವರಿಯಲ್ಲಿ ಮಿಸ್ ವಿನ್‌ಸ್ಲೋ ಐಸ್ ಮೇಲೆ ಜಾರಿ ಕಾಲು ಮುರಿದುಕೊಂಡರು. ಪುಸ್ತಿಕೆಯನ್ನು ನಾನೊಬ್ಬಳೇ ಮುಗಿಸಬೇಕಾಯಿತು. ಬೆಟ್ಟದ ಕಾಲೇಜಿನ ಉತ್ತರದಲ್ಲಿ ಊಟದ ಪ್ರಶ್ನೆಗೆ ಅಂಕಿಯ ಬದಲು ಒಂದು ವಾಕ್ಯವಿತ್ತು. 'ನಮ್ಮ ವಿಭಾಗದ ವಿದ್ಯಾರ್ಥಿಗಳು ಐವರು ಅಧ್ಯಾಪಕರ ಮನೆಗಳಲ್ಲಿ ಸರದಿಯ ಮೇಲೆ ರಾತ್ರಿಯೂಟ ಮಾಡುತ್ತಾರೆ.' ಓದಿದ ಕೂಡಲೇ ನನಗೆ ಎಲ್ಲ ಅರ್ಥವಾಯಿತು. ಅಂದರೆ ಹಾಗೆ ಅಂದುಕೊಂಡೆ. ಐದು ದಿನ, ಐದು ಮನೆ. ಶನಿವಾರ, ಭಾನುವಾರಕ್ಕೆ ಮಾತ್ರ ಖರ್ಚು ಹಾಕಬೇಕು. ಮಧ್ಯಾಹ್ನದ ಬ್ರೆಡ್ಡಿಗೂ ಒಂದಿಷ್ಟು ಸೇರಿಸಿದೆ. ವಾರದ ಐದು ದಿನದ ರಾತ್ರಿಯೂಟದ ಕಾಲಮ್ಮಿನಲ್ಲಿ ಸೊನ್ನೆ ಒತ್ತಿದೆ.

ಆದರೂ ಒಂದು ಸಲ ನಿಮ್ಮ ತಾತನಿಗೆ ತೋರಿಸಿದೆ. ಅವರು ಓದಿ ಕನ್ನಡಕ ತೆಗೆದರು.

"ಅಮೆರಿಕದಲ್ಲೂ ವಾರಾನ್ನ ಇದೆ ಅಂತಾಯ್ತು. ನಾನು ಇವರನ್ನ ಸುಮ್ಮನೆ ಬೈತಿದ್ದೆ" ಎಂದರು. ಆ ಭಾನುವಾರ ಸಿಕ್ಕಿದ ಕನ್ನಡದವರಿಗೆಲ್ಲ ಹೇಳಿದರು. ಒಬ್ಬರಾದರೂ ಅನುಮಾನ ಪಡಲಿಲ್ಲ. ಧಾರವಾಡದ ಡಾಕ್ಟರೊಬ್ಬರು, "ಇರಬೇಕ್ರೀ, ಮಾಸ್ತರ ಜಾತಿ ಎಲ್ಲಾ ಕಡೆ ಒಂದs" ಎಂದರು.

ಹೀಗೆ ಹದಿನಾಲ್ಕನೆಯ ಪುಟದಲ್ಲಿ ಬೆಟ್ಟದ ಕಾಲೇಜು ಪ್ರತಿ ವರ್ಷವೂ ಗ್ರೀಕ್ ಹೇಳಿಕೊಡುವ ಕಾಲೇಜುಗಳಲ್ಲೆಲ್ಲ ಅಗ್ಗದ್ದೆಂದು ಅಚ್ಚಾಯಿತು.

ಏಪ್ರಿಲ್ ಮಧ್ಯದಲ್ಲಿ ಒಂದೇ ಟಪಾಲಿನಲ್ಲಿ ಎರಡು ಕಾಗದ ಬಂದವು. ಒಂದು ಬೆಟ್ಟದ ಕಾಲೇಜಿನ ಗ್ರೀಕ್ ಪ್ರೊಫೆಸರರ ಹೆಂಡತಿ ಮಿಸೆಸ್ ಕೀನ್ ಎಂಬವರದು. 'ನಿಮ್ಮ ಹದಿನಾಲ್ಕನೆಯ ಪುಟವನ್ನು ಇಲ್ಲಿಯ ಐದು ಮನೆಗಳವರೂ ಆಸಕ್ತಿಯಿಂದ ಓದಿದೆವು. ನಾವು ವಿದ್ಯಾರ್ಥಿಗಳನ್ನು ಊಟಕ್ಕೆ ಕರೆಯುವುದು ನಿಜ, ಒಂದೊಂದು ಮನೆಯವರು ಟರ್ಮಿಗೆ ಒಂದು ಸಲ. ನೀವು ನನ್ನನ್ನು ಪ್ರತಿ ಮಂಗಳವಾರ ಅಡಿಗೆಗೆ ಹಚ್ಚಿದ ಹಾಗಿದೆ. ನನ್ನ ಬಳಿ ಆರೇ ಕುರ್ಚಿಗಳಿವೆ.'

ಎರಡನೆಯ ಕಾಗದ ಒಡೆದೆ. ಮೆಟುಚೆನ್ ಸ್ಟೇಷನ್ನಿನ ಹತ್ತಿರ ಕ್ಷೌರದಂಗಡಿ ಇಟ್ಟಿರುವ ಡಿಲೂಕಾ ಎಂಬವರು ಬರೆದದ್ದು. ಅವರ ಮಗಳು ರೋಸ್‌ಮರಿಗೆ ಗ್ರೀಕ್ ಓದುವ ಆಸೆ. ಹತ್ತಿರದ ಕಾಲೇಜೊಂದು ಸ್ಕಾಲರ್‌ಶಿಪ್ ಕೊಟ್ಟಿತ್ತು, ಆದರೆ ಅಲ್ಲಿ ಗ್ರೀಕ್ ಕಡಿಮೆ. 'ನಿಮ್ಮ ಪುಸ್ತಿಕೆ ನೋಡಿ ಬೆಟ್ಟದ ಕಾಲೇಜೇ ಸರಿಯೆಂದು ತೀರ್ಮಾನಿಸಿದೆವು. ಸ್ಕಾಲರ್‌ಶಿಪ್ ಬೇಡವೆಂದು ನಿನ್ನೆ ಬರೆದು ಹಾಕಿದೆವು. ಮೇ ಒಂದನೇ ತಾರೀಖಿನೊಳಗೆ ಡಿಪಾಸಿಟ್ ಕಟ್ಟುತ್ತೇವೆ. ನಿಮಗೆ ಧನ್ಯವಾದ.'

ಮಿಸ್ ವಿನ್‌ಸ್ಲೋಗೆ ಮನೆಗೆ ಫೋನು ಮಾಡಿದೆ. ಎರಡೂ ಕಾಗದ ಓದಿ ಹೇಳಿದೆ. ಅವರು ಬೈಯಲಿಲ್ಲ.

"ತಿದ್ದುಪಡಿ ಚೀಟಿ ಟೈಪ್ ಮಾಡಿ ಎಲ್ಲ ಮೇಷ್ಟ್ರುಗಳಿಗೂ ಕಳಿಸಿ" ಎಂದರು.

"ಆ ಹುಡುಗಿಗೂ ಕಾಗದ ಬರೀತೀನಿ."

"ಕಾಗದ ತಲುಪುತ್ತೆ. ಆದರೆ ಆ ಮನೆಯವರು ಕೆಟ್ಟಿದ್ದು ಕಾಗದ ನಂಬಿ ಅಲ್ವೇ, ಮಿಸೆಸ್ ರಾವ್?"

ಅಷ್ಟು ಹೇಳಿ ಫೋನು ಇಟ್ಟರು. ನಾನು ಕೋಟು ಹಾಕಿಕೊಂಡೆ.

ಮಾರಿಸ್‌ಟೌನಿನಲ್ಲಿ ರೈಲು ಹತ್ತಿ, ನ್ಯೂಅರ್ಕಿನಲ್ಲಿ ಇಳಿದು, ಅಲ್ಲಿಯ ಇನ್ನೊಂದು ಸ್ಟೇಷನ್ನಿಗೆ ನಡೆದು ಮೆಟುಚೆನ್ ಗಾಡಿ ಹಿಡಿದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಇಂಗ್ಲಿಷಿನಲ್ಲಿ ಜೋಡಿಸುತ್ತಿದ್ದೆ. ಕ್ಷೌರದಂಗಡಿಯ ಬಾಗಿಲಿಗೆ ಬಂದಾಗ ಅದೆಲ್ಲ ಮರೆತುಹೋಯಿತು. ನಮ್ಮೂರಲ್ಲಿ ಹೆಂಗಸರು ಕ್ಷೌರ ಮಾಡುವ ಜಾಗದ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ನಾನು ಆಚೆ ಬದಿಯ ಫುಟ್‌ಪಾತಿನಲ್ಲಿ ಎರಡು ಸಲ ಅತ್ತಿತ್ತ ಓಡಾಡಿದೆ. ಮೂರನೆಯ ಸಲ ಒಳಗಿನಿಂದ ಒಬ್ಬ ದಪ್ಪ ಮನುಷ್ಯ ಕೈಯಲ್ಲಿ ಬ್ರಷ್ಷು ಹಿಡಿದು ಬಾಗಿಲು ತೆರೆದ.

"ದಾರಿ ತಪ್ಪಿದೆಯಾ ಅಮ್ಮಾ?"

"ಇಲ್ಲ. ನಾನು ಹದಿನಾಲ್ಕನೆಯ ಪುಟದವಳು" ಎಂದೆ. ನನಗೆ ಹೊಳೆದದ್ದು ಅಷ್ಟೇ.

ಡಿಲೂಕಾ ನನ್ನನ್ನು ಖಾಲಿ ಕುರ್ಚಿಯಲ್ಲಿ ಕೂರಿಸಿದರು. ಅದು ಕ್ಷೌರದ ಕುರ್ಚಿ, ಎದುರಿಗೆ ಕನ್ನಡಿ. ಪಕ್ಕದ ಕುರ್ಚಿಯಲ್ಲಿ ಮುಖಕ್ಕೆಲ್ಲ ನೊರೆ ಹಚ್ಚಿಸಿಕೊಂಡ ಒಬ್ಬ ಗಿರಾಕಿ. ಕನ್ನಡಿಯಲ್ಲಿ ಮೂವರ ಮುಖವೂ ಕಾಣುತ್ತಿತ್ತು. ನಾನು ನನ್ನ ಕೈಚೀಲ ನೋಡುತ್ತಾ ಎಲ್ಲ ಹೇಳಿದೆ. ಯಾಕೆ ಹಾಗೆ ಅಂದುಕೊಂಡೆ ಎಂದು ಅವರು ಕೇಳಿದ್ದರಿಂದ ವಾರಾನ್ನವನ್ನೂ ವಿವರಿಸಿದೆ.

"ಏಳು ಮನೆ?" ಎಂದ ನೊರೆಯ ಮನುಷ್ಯ. "ಏಳರಲ್ಲೂ ಪುಕ್ಕಟೆ?"

"ಹೌದು."

"ಟೋನಿ, ನನಗೆ ಒಂದು ಹೆಂಡತಿ ಇದ್ದಾಳೆ, ಒಂದೇ ಮನೆ ಇದೆ, ಅಲ್ಲೇ ಪುಕ್ಕಟೆ ಊಟ ಸಿಗಲ್ಲ" ಎಂದ ಡಿಲೂಕಾ ಕಡೆ ತಿರುಗಿ.

ಡಿಲೂಕಾ ನಗಲಿಲ್ಲ. ಅಷ್ಟರಲ್ಲಿ ರೋಸ್‌ಮರಿ ಶಾಲೆಯಿಂದ ಬಂದಳು. ತೆಳ್ಳನೆ ಹುಡುಗಿ, ಜಡೆ ಹೆಣೆದಿದ್ದಳು. ತಂದೆ ಎರಡೇ ಮಾತಿನಲ್ಲಿ ಹೇಳಿದರು. ಅವಳು ಅಳಲಿಲ್ಲ. ನನ್ನ ಹತ್ತಿರ ಬಂದು, "ಊಟಕ್ಕೆ ಸರಿಯಾದ ಖರ್ಚು ಎಷ್ಟು?" ಎಂದು ಕೇಳಿದಳು. ತಿದ್ದಿ ತಂದಿದ್ದ ಬೆಟ್ಟದ ಕಾಲೇಜಿನ ಕಾರ್ಡು ಕೊಟ್ಟೆ. ಕಿಟಕಿಯ ಹತ್ತಿರ ಹೋಗಿ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಲೆಕ್ಕ ಹಾಕಿದಳು.

"ಎರಡು ವರ್ಷ ಓದಬಹುದು, ಪಪ್ಪಾ. ನಾಲ್ಕು ಆಗಲ್ಲ."

ಆ ಅಂಗಡಿಯ ಗೋಡೆಯಲ್ಲಿ ಒಂದು ಫೋನಿತ್ತು. ಆಫೀಸಿನಲ್ಲಿ ಫೋನು ಬಂದರೆ ಮಿಸ್ ವಿನ್‌ಸ್ಲೋ ಎತ್ತಲಿ ಎಂದು ನಾನು ಕೆಮ್ಮುತ್ತಿದ್ದವಳು. ಆ ದಿನ ಯಾರೂ ಹೇಳದೆ ಎದ್ದು ಹೋಗಿ, ಅವಳು ಸ್ಕಾಲರ್‌ಶಿಪ್ ಬೇಡವೆಂದಿದ್ದ ಕಾಲೇಜಿಗೆ ಫೋನು ಹಚ್ಚಿದೆ. ಒಬ್ಬರು ಇನ್ನೊಬ್ಬರಿಗೆ ಕೊಟ್ಟರು, ಅವರು ಮತ್ತೊಬ್ಬರಿಗೆ.

"ನೀವು ಹುಡುಗಿಯ ತಾಯಿಯೇ?" ಎಂದಿತು ಮೂರನೆಯ ದನಿ.

"ಅಲ್ಲ."

"ಅವಳ ಶಾಲೆಯವರೇ?"

"ಅಲ್ಲ. ತಪ್ಪು ಮಾಡಿದವಳು ಮಾತಾಡ್ತಿದ್ದೀನಿ."

ಆಕೆ ಕಾಗದ ಹುಡುಕಲು ಹೋದಳು. ಬಂದು ಹೇಳಿದ್ದು ಅರ್ಧ ಒಳ್ಳೆಯ ಸುದ್ದಿ. ರೋಸ್‌ಮರಿಯ ಕಾಗದ ಬೆಳಿಗ್ಗೆ ತಲುಪಿತ್ತು. ಸೀಟು ಇನ್ನೂ ಇದೆ, ಬೇಕಾದರೆ ಇಟ್ಟುಕೊಳ್ಳಬಹುದು. ಸ್ಕಾಲರ್‌ಶಿಪ್ಪನ್ನು ಮಾತ್ರ ಆಗಲೇ ಪಟ್ಟಿಯಲ್ಲಿ ಮುಂದಿನವರಿಗೆ ಫೋನಿನಲ್ಲಿ ಹೇಳಿಬಿಟ್ಟಿದ್ದರು. ಅದನ್ನು ವಾಪಸು ಕೇಳಲು ನನಗೆ ಬಾಯಿ ಬರಲಿಲ್ಲ. ಇನ್ನೊಂದು ಮನೆಯಲ್ಲಿ ಆ ಹೊತ್ತಿಗೆ ಯಾರೋ ಸಂತೋಷಪಡುತ್ತಿದ್ದರಲ್ಲ.

ಸ್ಕಾಲರ್‌ಶಿಪ್ ಇಲ್ಲದೆ ಹತ್ತಿರದ ಕಾಲೇಜಿಗೆ ಮನೆಯಿಂದಲೇ ದಿನವೂ ಹೋಗಿಬಂದರೂ ಡಿಲೂಕಾ ಅವರ ಕೈಗೆ ಬಿಗಿಯಾಗುತ್ತಿತ್ತು. ಅವರು ನನ್ನನ್ನು ಸ್ಟೇಷನ್ನಿನವರೆಗೂ ಬಂದು ಬಿಟ್ಟರು. ದಾರಿಯಲ್ಲಿ ಒಂದೇ ಮಾತು ಆಡಿದರು.

"ಬೇರೆ ಯಾರೇ ಆಗಿದ್ದರೂ ಒಂದು ಚೀಟಿ ಕಳಿಸಿ ಸುಮ್ಮನಾಗ್ತಿದ್ದರು. ಆದರೂ ನನಗೆ ನಿಮ್ಮ ಮೇಲೆ ಕೋಪ ಇದೆ."

"ಇರಬೇಕು" ಎಂದೆ.

ಮನೆಗೆ ಬಂದು ಮಿಸೆಸ್ ಕೀನ್‌ಗೆ ಕ್ಷಮೆ ಕೇಳಿ ಕಾಗದ ಬರೆದೆ. ನಮ್ಮ ಕಡೆ ಬಡ ಹುಡುಗರು ಹೇಗೆ ಓದುತ್ತಿದ್ದರು, ನಾನು ಹೇಗೆ ಮೋಸಹೋದೆ ಎಂದು ಒಂದು ಪುಟ ಬರೆದೆ. ರೋಸ್‌ಮರಿಯ ಸಂಗತಿಯನ್ನೂ ಬರೆದೆ. ನಿಮ್ಮ ತಾತ ಓದಿ, "ಇಷ್ಟೆಲ್ಲ ಹೇಳಿ ಕೇಳಬೇಕಾದ್ದನ್ನೇ ಬಿಟ್ಟಿದ್ದೀಯಲ್ಲೇ" ಎಂದರು.

"ಏನು ಕೇಳಲಿ? ಈಗಾಗಲೇ ಅವರನ್ನ ಪ್ರತಿ ಮಂಗಳವಾರ ಅಡಿಗೆಗೆ ಹಚ್ಚಿದ್ದೀನಿ."

"ಆ ಊರಲ್ಲಿ ಹುಡುಗೀನ ಇಟ್ಟುಕೊಂಡು ಊಟ ಹಾಕೋ ಮನೆ ಒಂದಾದರೂ ಇದೆಯಾ ಅಂತ ಕೇಳು. ನಾನು ಏಳು ಮನೆ ಬಾಗಿಲಲ್ಲಿ ನಿಂತು ಕೇಳಿದೋನು. ಕೇಳಿದ್ದಕ್ಕೆ ಯಾರೂ ಹೊಡೀಲಿಲ್ಲ."

ಕೆಳಗಡೆ ಒಂದು ಸಾಲು ಸೇರಿಸಿದೆ. ಅದನ್ನು ಬರೆಯಲು ಇಡೀ ಪುಟಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಆರನೆಯ ದಿನ ಉತ್ತರ ಬಂತು. ಐದು ಮನೆ ಆಗದು, ಆದರೆ ಒಂದು ಮನೆ ಆಗಬಹುದು ಎಂದು ಮಿಸೆಸ್ ಕೀನ್ ಬರೆದಿದ್ದರು. ಅವರ ಮನೆಯ ಅಟ್ಟದಲ್ಲಿ ಒಂದು ಕೋಣೆ ಖಾಲಿಯಿದೆ. ಸಂಜೆ ಅವರ ಇಬ್ಬರು ಗಂಡುಮಕ್ಕಳನ್ನು ಎರಡು ಗಂಟೆ ನೋಡಿಕೊಂಡರೆ ಕೋಣೆಗೂ ಊಟಕ್ಕೂ ಏನೂ ಕೊಡಬೇಕಾಗಿಲ್ಲ. ನಾಲ್ಕೂ ವರ್ಷ ಇರಬಹುದು.

ಆ ಶನಿವಾರ ನಿಮ್ಮ ತಾತ ಕಾರಿನಲ್ಲಿ ನನ್ನನ್ನು ಮೆಟುಚೆನ್‌ಗೆ ಕರೆದುಕೊಂಡು ಹೋದರು. ಅಂಗಡಿಗೆ ಸುಮ್ಮನೆ ಹೋಗಬಾರದೆಂದು ಕ್ಷೌರಕ್ಕೇ ಕುಳಿತರು. ಕಾಗದ ಓದಿ ರೋಸ್‌ಮರಿಯ ಮುಖ ಅರಳಿತು, ಅವಳ ತಂದೆಯದು ಗಂಟಿಕ್ಕಿತು.

"ನನ್ನ ಮಗಳು ಇನ್ನೊಬ್ಬರ ಮನೇಲಿ ಆಳಾಗಿರಬೇಕಾ?" ಎಂದರು ಕತ್ತರಿ ಹಿಡಿದುಕೊಂಡೇ.

"ಪಪ್ಪಾ, ಬೇಬಿಸಿಟಿಂಗ್. ಇಲ್ಲೂ ಮಾಡ್ತೀನಿ."

"ಇಲ್ಲಿ ಮುಗಿಸಿ ಮನೆಗೆ ಬರ್ತೀಯ." ಅವರು ನಿಮ್ಮ ತಾತನ ತಲೆಯನ್ನು ಕನ್ನಡಿಯ ಕಡೆ ತಿರುಗಿಸಿದರು. "ನೀವು ಹೇಳಿ ಮಿಸ್ಟರ್ ರಾವ್. ಏಳು ಮನೇಲಿ ಉಂಡಿರಲ್ಲ, ಹೇಗಿತ್ತು?"

ನಿಮ್ಮ ತಾತ ತಮಾಷೆಯ ಮನುಷ್ಯ. ಏನಾದರೂ ಹಾಸ್ಯ ಮಾಡುತ್ತಾರೆಂದುಕೊಂಡೆ. ಮಾಡಲಿಲ್ಲ.

"ಆರು ಮನೇಲಿ ಚೆನ್ನಾಗಿತ್ತು. ಗುರುವಾರದ ಮನೇಲಿ ಹಸಿವಾಗ್ತಿತ್ತು. ಅಲ್ಲಿ ಯಾರೂ ಒಂದು ಕೆಟ್ಟ ಮಾತು ಆಡಿದವರಲ್ಲ. ಇನ್ನೊಂದು ಸಲ ಅನ್ನ ಹಾಕಲಾ ಅಂತ ಕೇಳಿದರೆ ನಾನೇ ನಾಚಿಕೆಯಿಂದ ಬೇಡ ಅಂತಿದ್ದೆ. ಯಾಕೆ ಆ ಮನೇಲಿ ಮಾತ್ರ ಹಾಗೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ."

"ನಿಮಗೆ ಮಗಳಿದ್ದಾಳಾ?"

"ಇದ್ದಾಳೆ. ಒಂಬತ್ತು ವರ್ಷ."

"ಕಳಿಸ್ತೀರಾ?"

"ಮೊದಲು ಹೋಗಿ ಆ ಮನೆಯ ಅಡಿಗೆಮನೆ ನೋಡ್ಕೊಂಡು ಬರ್ತೀನಿ."

ಡಿಲೂಕಾ ಮತ್ತೆ ಕತ್ತರಿ ಆಡಿಸಿದರು. ಮರುದಿನ ಭಾನುವಾರ, ಅಂಗಡಿಗೆ ರಜ. ತಂದೆ ಮಗಳು ಬೆಳಿಗ್ಗೆಯೇ ಪೆನ್ಸಿಲ್ವೇನಿಯಾಕ್ಕೆ ಹೊರಟರು. ಸೋಮವಾರ ಆಫೀಸಿಗೆ ಡಿಲೂಕಾ ಅವರ ಫೋನು ಬಂತು. ಮಿಸ್ ವಿನ್‌ಸ್ಲೋ ಇನ್ನೂ ಮನೆಯಲ್ಲೇ ಇದ್ದರು. ನಾನೇ ಎತ್ತಿದೆ.

"ಒಳ್ಳೆ ಹೆಂಗಸು" ಎಂದರು. "ಅಡಿಗೆಮನೇಲಿ ಪಾತ್ರೆ ಹಾಗೇ ಬಿದ್ದಿತ್ತು, ನಾವು ಬರ್ತೀವಿ ಅಂತ ತೊಳೆದಿರಲಿಲ್ಲ. ನನಗೆ ಅದು ಹಿಡಿಸ್ತು. ಆದರೆ ಆ ಇಬ್ಬರು ಹುಡುಗರ ಕೂದಲು ನೋಡಬೇಕಿತ್ತು ನೀವು, ಪ್ರೊಫೆಸರೇ ಕತ್ತರಿಸಿದ್ದಂತೆ. ತಡೆಯೋಕಾಗದೆ ಹಿತ್ತಲಲ್ಲಿ ಕೂರಿಸಿ ಸರಿ ಮಾಡಿದೆ. ಆಮೇಲೆ ಪ್ರೊಫೆಸರೂ ಕುಳಿತರು."

"ಹಾಗಾದರೆ ರೋಸ್‌ಮರಿ?"

"ಡಿಪಾಸಿಟ್ ಇವತ್ತು ಕಳಿಸಿದೆ. ಕೋಪ ಸ್ವಲ್ಪ ಉಳಿದಿದೆ, ಮಿಸೆಸ್ ರಾವ್. ಕ್ರಿಸ್‌ಮಸ್ ಹೊತ್ತಿಗೆ ಹೋಗುತ್ತೆ."

ತಿದ್ದುಪಡಿ ಚೀಟಿಯಲ್ಲಿ ಏನು ಬರೆಯಬೇಕೆಂದು ಮಿಸ್ ವಿನ್‌ಸ್ಲೋ ಹೇಳಿಕೊಟ್ಟಿದ್ದರು. 'ಅಚ್ಚಿನ ದೋಷ' ಎಂದು. ನಾನು ಹಾಗೆ ಟೈಪ್ ಮಾಡಲಿಲ್ಲ. ಅಚ್ಚಿನದಲ್ಲ, ತಿಳಿಯದೆ ಆದ ತಪ್ಪು ಎಂದು ಬರೆದು ಕೆಳಗೆ ನನ್ನ ಹೆಸರು ಹಾಕಿದೆ. ಅವರಿಗೆ ಅದು ಗೊತ್ತಾದದ್ದು ಮೇ ತಿಂಗಳಲ್ಲಿ ಊರುಗೋಲು ಹಿಡಿದು ಬಂದ ಮೇಲೆ. ಚೀಟಿ ಓದಿ, "ನಿಮ್ಮ ಹೆಸರಿನ ಸ್ಪೆಲಿಂಗ್ ಹೀಗಾ? ನಾಲ್ಕು ವರ್ಷದಿಂದ ಸಂಬಳದ ಚೆಕ್ಕಿನಲ್ಲಿ ಬೇರೆ ಬರೀತಿದ್ದೀನಲ್ಲ" ಎಂದರು.

ಆ ಸೆಪ್ಟೆಂಬರಿನಲ್ಲಿ ಕಾಲೇಜುಗಳಿಗೆ ಕಾಗದ ಕಳಿಸುವಾಗ ಎರಡು ಬದಲಾವಣೆ ಮಾಡಿದೆವು. ಕೆಲಸಕ್ಕೆ ಬದಲಾಗಿ ಊಟ ವಸತಿ ಕೊಡುವ ಮನೆಗಳು ನಿಮ್ಮ ಊರಿನಲ್ಲಿವೆಯೇ ಎಂದು ಕೇಳಿದೆವು. ಅಂಥ ಮನೆಗಳು ನಾವು ಎಣಿಸಿದ್ದಕ್ಕಿಂತ ಹೆಚ್ಚು ಕಡೆ ಇದ್ದವು. ಯಾರೂ ಕೇಳಿರಲಿಲ್ಲ, ಯಾರೂ ಹೇಳಿರಲಿಲ್ಲ. ಎರಡನೆಯದು, ಖರ್ಚನ್ನು ಕಾಲೇಜಿನವರನ್ನು ಮಾತ್ರ ಕೇಳುವುದನ್ನು ಬಿಟ್ಟು, ಅಲ್ಲಿ ಓದುತ್ತಿರುವ ಒಬ್ಬ ವಿದ್ಯಾರ್ಥಿಯನ್ನೂ ಕೇಳತೊಡಗಿದೆವು. ಅನು, ನೀನು ಈ ಪುಟಗಳಿಂದ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೋ. ಆಫೀಸಿನವರು ಕೊಡುವ ಅಂಕಿ ಸುಳ್ಳಲ್ಲ, ಆದರೆ ಅದನ್ನು ಕಟ್ಟುವವರು ಅವರಲ್ಲ.

ಬೆಟ್ಟದ ಕಾಲೇಜಿನ ಪರವಾಗಿ ಉತ್ತರ ಬರೆದವಳು ರೋಸ್‌ಮರಿ. ಡಿಸೆಂಬರಿನಲ್ಲಿ ಬಂತು. ಚಿಕ್ಕ ಅಕ್ಷರದಲ್ಲಿ ಒಂದೊಂದನ್ನೂ ಬರೆದಿದ್ದಳು. ಬಸ್ಸಿಗೆ ಇಷ್ಟು. ಸೆಕೆಂಡ್ ಹ್ಯಾಂಡ್ ಗ್ರೀಕ್ ನಿಘಂಟಿಗೆ ಇಷ್ಟು. ಮಂಜಿನಲ್ಲಿ ಹಾಕುವ ಬೂಟಿಗೆ ಇಷ್ಟು, ಇದನ್ನು ನಿಮ್ಮ ಪಟ್ಟಿಯಲ್ಲಿ ಸೇರಿಸಿ, ಯಾರೂ ಮುಂಚೆ ಹೇಳುವುದಿಲ್ಲ. ಅಂಚೆಗೆ ಇಷ್ಟು. ಕ್ಷೌರಕ್ಕೆ ಏನೂ ಇಲ್ಲ, ಅಪ್ಪ ತಿಂಗಳಿಗೊಂದು ಭಾನುವಾರ ಬಂದು ಇಡೀ ವಿಭಾಗಕ್ಕೇ ಮಾಡುತ್ತಾರೆ. ಊಟದ ಎದುರಿಗೆ ಹೀಗೆ ಬರೆದಿದ್ದಳು: 'ಸೊನ್ನೆ. ಮೊದಲ ವಾರ ಬೇಡ ಬೇಡ ಎನ್ನುತ್ತಿದ್ದೆ. ಮಿಸ್ಟರ್ ರಾವ್‌ಗೆ ಹೇಳಿ, ಈಗ ಎರಡನೆಯ ಸಲ ಕೇಳಿ ಹಾಕಿಸಿಕೊಳ್ಳುತ್ತೇನೆ.'

ಮನೆಗೆ ಒಯ್ದು ನಿಮ್ಮ ತಾತನಿಗೆ ಓದಿ ಹೇಳಿದೆ. 'ಎರಡನೆಯ ಸಲ' ಎಂಬ ಕಡೆ ಇನ್ನೊಮ್ಮೆ ಓದು ಎಂದರು. ಮಾರನೆಯ ದಿನ ಆಫೀಸಿನಲ್ಲಿ ಬೆಟ್ಟದ ಕಾಲೇಜಿನ ಕಾರ್ಡು ತೆಗೆದು, ಕೆಲಸಕ್ಕೆ ಬದಲಾಗಿ ಸಿಗುವ ಊಟದ ಮುಂದೆ ಸೊನ್ನೆ ಒತ್ತಿದೆ.